ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲನ್ನು ವ್ಯಾಕ್ಯೂಮ್ ಪಂಪಿನಿಂದ ಹೀರಿ ಮನೆಯಲ್ಲೇ ಬದಲಿಸಬಹುದೇ?

ಘೋಡಬಂದರ್ ನಿವಾಸಿ (ಠಾಣೆ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿರುವುದು 2012ರ ಹ್ಯುಂಡೈ ಐ10, ನಾಲ್ಕು ಗೇರಿನ, ಟಾರ್ಕ್ ಕನ್ವರ್ಟರ್ ಇರುವ ಆಟೊಮ್ಯಾಟಿಕ್ ಕಾರು. ಮೊದಲ ಮಾಲೀಕರಿಂದ ಕೊಂಡಾಗ ಸಿಕ್ಕ ಸರ್ವಿಸ್ ಪುಸ್ತಕದಲ್ಲಿ ಎಂಜಿನ್ ಆಯಿಲ್, ಕೂಲಂಟ್, ಬ್ರೇಕ್ ಆಯಿಲ್ ಬದಲಿಸಿದ ದಾಖಲೆಗಳು ಅಚ್ಚುಕಟ್ಟಾಗಿವೆ. ಗೇರ್‌ಬಾಕ್ಸಿನ ಆಯಿಲ್, ಅಂದರೆ ಎಟಿಎಫ್ ಬದಲಿಸಿದ ಬಗ್ಗೆ ಮಾತ್ರ ಒಂದು ಸಾಲೂ ಇಲ್ಲ. ಕಾರು ಈಗ ಎಪ್ಪತ್ತು ಸಾವಿರ ಕಿಲೋಮೀಟರ್ ದಾಟಿದೆ, ಅದರಲ್ಲಿ ಬಹುಪಾಲು ಘೋಡಬಂದರ್ ರಸ್ತೆಯ ದಟ್ಟಣೆಯಲ್ಲಿ ತೆವಳಿದ್ದೇ ಆಗಿದೆ.

ವಿಚಾರಿಸಿದ ಕಡೆಯಲ್ಲೆಲ್ಲ ಬೇರೆ ಬೇರೆ ಉತ್ತರ ಸಿಕ್ಕಿತು. ಒಬ್ಬರು ಇದು ಲೈಫ್‌ಟೈಮ್ ಆಯಿಲ್, ಮುಟ್ಟುವ ಅಗತ್ಯವೇ ಇಲ್ಲ ಎಂದರು. ಇನ್ನೊಬ್ಬರು ಯಂತ್ರ ಜೋಡಿಸಿ ಪೂರ್ತಿ ಫ್ಲಶ್ ಮಾಡಿಸಲೇಬೇಕು ಎಂದರು. ಮೂರನೆಯವರು, ಇಷ್ಟು ವರ್ಷ ಬದಲಿಸದ ಆಯಿಲನ್ನು ಈಗ ಬದಲಿಸಿದರೆ ಗೇರ್‌ಬಾಕ್ಸ್ ಕೈಕೊಡುತ್ತದೆ ಎಂದು ಹೆದರಿಸಿ ಕಳುಹಿಸಿದರು. ಡಿಪ್‌ಸ್ಟಿಕ್ (ಆಯಿಲಿನ ಮಟ್ಟ ನೋಡುವ ಕಡ್ಡಿ) ತೆಗೆದು ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟು ನೋಡಿದ್ದೇನೆ. ಬಣ್ಣ ಕೆಂಪು ಹೋಗಿ ಕಂದಿದೆ, ಸುಟ್ಟ ವಾಸನೆ ಇಲ್ಲ. ಬೆಳಿಗ್ಗೆ ತಣ್ಣಗಿರುವಾಗ ಪಾರ್ಕಿನಿಂದ ಡ್ರೈವಿಗೆ ಹಾಕಿದರೆ ಸಣ್ಣದೊಂದು ಜಗ್ಗು ಬರುತ್ತದೆ. ಆಮೇಲೆ ಗೇರುಗಳು ಸರಾಗವಾಗಿ ಬೀಳುತ್ತವೆ.

ನಮ್ಮ ಸೊಸೈಟಿಯ ಸ್ಟಿಲ್ಟ್ ಪಾರ್ಕಿಂಗಿನಲ್ಲಿ ಕಾರನ್ನು ಜಾಕ್ ಹಾಕಿ ಎತ್ತಲು ಕಮಿಟಿಯವರು ಒಪ್ಪುವುದಿಲ್ಲ. ಆದ್ದರಿಂದ ಡಿಪ್‌ಸ್ಟಿಕ್ ಕೊಳವೆಯೊಳಗೆ ನಳಿಕೆ ಇಳಿಸಿ, ಕೈಯಿಂದ ಒತ್ತುವ ವ್ಯಾಕ್ಯೂಮ್ ಎಕ್ಸ್‌ಟ್ರಾಕ್ಟರ್‌ನಿಂದ ಹಳೆಯ ಆಯಿಲನ್ನು ಮೇಲಿನಿಂದಲೇ ಹೀರಿ ತೆಗೆದು, ಅಷ್ಟೇ ಹೊಸದನ್ನು ಸುರಿಯುವ ವಿಧಾನ ಸರಿಯೇ ಎಂದು ತಿಳಿದವರು ಹೇಳಬೇಕಾಗಿ ಕೋರುತ್ತೇನೆ.

ಪಿಂಪ್ರಿಯ ಹಳೆಯ ಫೋರ್‌ಮನ್ (ಪುಣೆ)

ಠಾಣೆಯವರೇ, ಆಯಿಲ್ ಬದಲಿಸಬೇಕೇ ಎಂಬುದು ಒಂದು ಪ್ರಶ್ನೆ, ಹೀರಿ ಬದಲಿಸಬಹುದೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ನನ್ನ ಉತ್ತರ, ಖಂಡಿತ ಬದಲಿಸಬೇಕು. ಲೈಫ್‌ಟೈಮ್ ಎಂಬ ಮಾತನ್ನು ಹೇಳುವವರು ಯಾರ ಲೈಫು, ಎಷ್ಟು ಟೈಮು ಎಂಬುದನ್ನು ಹೇಳುವುದಿಲ್ಲ. ಜರ್ಮನಿಯ ಝಡ್‌ಎಫ್ ಕಂಪನಿ ತಾನು ತಯಾರಿಸುವ ಆರು ಮತ್ತು ಎಂಟು ಗೇರಿನ ಆಟೊಮ್ಯಾಟಿಕ್‌ಗಳ ಆಯಿಲನ್ನು 80,000ದಿಂದ 1,20,000 ಕಿಲೋಮೀಟರಿಗೆ ಅಥವಾ ಎಂಟು ವರ್ಷಕ್ಕೆ ಬದಲಿಸುವಂತೆ ಸಲಹೆ ಕೊಡುತ್ತದೆ. ಅವೇ ಗೇರ್‌ಬಾಕ್ಸುಗಳನ್ನು ತಮ್ಮ ಕಾರುಗಳಿಗೆ ಅಳವಡಿಸಿದ ಕಂಪನಿಗಳಲ್ಲಿ ಕೆಲವು ಲೈಫ್‌ಟೈಮ್ ಎಂದು ಹೇಳಿಕೊಂಡವು. ಗೇರ್‌ಬಾಕ್ಸ್ ಮಾಡಿದವನ ಮಾತು ಮತ್ತು ಕಾರು ಮಾರುವವನ ಮಾತು ಬೇರೆಯಾದಾಗ ನಾನು ಮಾಡಿದವನ ಮಾತನ್ನೇ ನಂಬುತ್ತೇನೆ.

ನಿಮ್ಮ ಓಡಾಟದ ರೀತಿ ಇಲ್ಲಿ ಕಿಲೋಮೀಟರ್ ಸಂಖ್ಯೆಗಿಂತ ಮುಖ್ಯ. ಟಾರ್ಕ್ ಕನ್ವರ್ಟರಿನಲ್ಲಿ ಎಂಜಿನ್ ಕಡೆಯ ಚಕ್ರ ಆಯಿಲನ್ನು ಎಸೆಯುತ್ತದೆ, ಗೇರ್‌ಬಾಕ್ಸ್ ಕಡೆಯ ಚಕ್ರ ಆ ಹೊಡೆತಕ್ಕೆ ತಿರುಗುತ್ತದೆ. ಎರಡರ ವೇಗದಲ್ಲಿರುವ ವ್ಯತ್ಯಾಸದಿಂದ ನಷ್ಟವಾಗುವ ಶಕ್ತಿಯೆಲ್ಲ ಆಯಿಲಿನಲ್ಲಿ ಶಾಖವಾಗಿ ಸೇರುತ್ತದೆ. ಹೆದ್ದಾರಿಯಲ್ಲಿ ವೇಗ ಹಿಡಿದ ಮೇಲೆ ಲಾಕ್‌ಅಪ್ ಕ್ಲಚ್ ಕೂಡಿಕೊಂಡು ಈ ಜಾರುವಿಕೆ ನಿಂತುಹೋಗುತ್ತದೆ, ಆದರೆ ಕಾಪುರಬಾವಡಿಯಿಂದ ನಿಮ್ಮ ಮನೆಯವರೆಗೆ ಬ್ರೇಕ್ ಒತ್ತಿ ಬಿಟ್ಟು ತೆವಳುವಾಗ ಲಾಕ್‌ಅಪ್ ಕೂಡಿಕೊಳ್ಳುವ ಪ್ರಶ್ನೆಯೇ ಬರುವುದಿಲ್ಲ. ಶಾಖಕ್ಕೆ ಆಯಿಲ್ ಆಕ್ಸಿಡೀಕರಣಗೊಳ್ಳುತ್ತದೆ, ಕ್ಲಚ್ ಪ್ಲೇಟುಗಳ ಹಿಡಿತವನ್ನು ಹದದಲ್ಲಿಡುವ ಸೇರ್ಪಡೆಗಳು ಸವೆಯುತ್ತವೆ, ಪ್ಲೇಟುಗಳ ಪುಡಿ ಅದರಲ್ಲಿ ತೇಲತೊಡಗುತ್ತದೆ. ಕಾರಿನ ಕೈಪಿಡಿಗಳು ಕಠಿಣ ಬಳಕೆ ಎಂದು ಕರೆಯುವುದು ಇಂಥದನ್ನೇ, ಮುಂಬಯಿಯಲ್ಲಿ ಅದೇ ಸಾಮಾನ್ಯ ಬಳಕೆ.

ಹಳೆಯ ಆಯಿಲ್ ತೆಗೆದರೆ ಗೇರ್‌ಬಾಕ್ಸ್ ಹಾಳಾಗುತ್ತದೆ ಎಂಬ ಮಾತು ಪೂರ್ತಿ ಸುಳ್ಳಲ್ಲ, ಅದರ ಹಿಂದೊಂದು ಕಾರಣವಿದೆ. ಜನ ಸಾಮಾನ್ಯವಾಗಿ ಎಟಿಎಫ್ ಬಗ್ಗೆ ಯೋಚಿಸುವುದು ಗೇರು ಜಾರತೊಡಗಿದ ಮೇಲೆ. ಆ ಹೊತ್ತಿಗೆ ಕ್ಲಚ್ ಪ್ಲೇಟುಗಳ ಲೈನಿಂಗ್ ಸವೆದು, ಆಯಿಲಿನಲ್ಲಿ ತೇಲುವ ಅದರದ್ದೇ ಪುಡಿ ಹೇಗೋ ಅಲ್ಪಸ್ವಲ್ಪ ಹಿಡಿತ ಒದಗಿಸುತ್ತಿರುತ್ತದೆ. ಹೊಸ ಆಯಿಲ್ ಬಂದೊಡನೆ ಆ ಪುಡಿಯ ಆಸರೆಯೂ ಹೋಗಿ, ಹಾಗೂ ಹೀಗೂ ನಡೆಯುತ್ತಿದ್ದದ್ದು ನಿಂತೇಹೋಗುತ್ತದೆ, ಅಪವಾದ ಹೊಸ ಆಯಿಲಿನ ತಲೆಗೆ ಬರುತ್ತದೆ. ನಿಮ್ಮ ಕಾರಿನಲ್ಲಿ ಜಾರುವಿಕೆ ಇಲ್ಲ, ಸುಟ್ಟ ವಾಸನೆಯೂ ಇಲ್ಲ ಎಂದಿದ್ದೀರಿ. ನೀವು ಹೆದರಬೇಕಾದ ಗುಂಪಿನಲ್ಲಿಲ್ಲ.

ಇನ್ನು ಹೀರುವ ವಿಚಾರ. ಡಿಪ್‌ಸ್ಟಿಕ್ ಕೊಳವೆಯಿಂದಾಗಲಿ ಕೆಳಗಿನ ಡ್ರೇನ್ ಪ್ಲಗ್‌ನಿಂದಾಗಲಿ ಒಮ್ಮೆಗೆ ಹೊರಬರುವುದು ತಳದಲ್ಲಿ ನಿಂತಿರುವ ಆಯಿಲ್ ಮಾತ್ರ. ಟಾರ್ಕ್ ಕನ್ವರ್ಟರ್, ಕೂಲರ್ ಮತ್ತು ಕ್ಲಚ್‌ಗಳಿಗೆ ಆಯಿಲ್ ಹಂಚುವ ವಾಲ್ವ್ ಬಾಡಿಯ ದಾರಿಗಳಲ್ಲಿ ಇರುವುದು ಅಲ್ಲೇ ಉಳಿಯುತ್ತದೆ. ಲೆಕ್ಕಕ್ಕಾಗಿ ಒಟ್ಟು ಆರು ಲೀಟರ್ ಇದೆ, ಒಮ್ಮೆಗೆ ಎರಡೂವರೆ ಲೀಟರ್ ಬರುತ್ತದೆ ಎಂದಿಟ್ಟುಕೊಳ್ಳೋಣ. ಮೊದಲ ಸಲ ಬದಲಿಸಿದ ಮೇಲೆ ಹಳೆಯದು ಶೇಕಡ 58ರಷ್ಟು ಉಳಿಯುತ್ತದೆ, ಕೆಲವು ದಿನ ಓಡಿಸಿ ಎರಡನೆಯ ಸಲ ಮಾಡಿದರೆ ಶೇಕಡ 34, ಮೂರನೆಯ ಸಲಕ್ಕೆ ಶೇಕಡ 20. ಅಲ್ಲಿಂದ ಮುಂದೆ ಹಾಕುವ ಹಣಕ್ಕೆ ಸಿಗುವ ಲಾಭ ಕಡಿಮೆಯಾಗುತ್ತ ಹೋಗುತ್ತದೆ. ನಡುವೆ ಓಡಿಸದೆ ಒಂದೇ ದಿನ ಮತ್ತೆ ಮತ್ತೆ ಹೀರುವುದರಿಂದ ಪ್ರಯೋಜನವಿಲ್ಲ, ಏಕೆಂದರೆ ಈಗಷ್ಟೇ ಸುರಿದ ಹೊಸ ಆಯಿಲನ್ನೇ ನೀವು ಹೊರತೆಗೆಯುತ್ತೀರಿ.

ಹೀಗೆ ಕಂತಿನಲ್ಲಿ ಬದಲಿಸುವುದು ಬಹುಕಾಲ ಮುಟ್ಟದ ಗೇರ್‌ಬಾಕ್ಸಿಗೆ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಯಂತ್ರದ ಫ್ಲಶ್‌ಗೆ ಹೆಚ್ಚು ಆಯಿಲ್ ಬೇಕು, ಜೊತೆಗೆ ಯಂತ್ರದ ಪೈಪುಗಳಲ್ಲಿ ನಿಮಗಿಂತ ಮೊದಲು ಅದಕ್ಕೆ ಜೋಡಿಸಿದ್ದ ಕಾರಿನ ಬೇರೆ ಜಾತಿಯ ಆಯಿಲ್ ಉಳಿದಿರುತ್ತದೆ ಎಂಬುದನ್ನು ಯಾರೂ ಹೇಳುವುದಿಲ್ಲ.

ಡೊಂಬಿವಲಿ ಪೂರ್ವ

ಫೋರ್‌ಮನ್ ಸಾಹೇಬರ ಮಾತಿಗೆ ಕೈಕೆಲಸದ ಕೆಲವು ವಿವರಗಳನ್ನು ಸೇರಿಸುತ್ತೇನೆ. ನಾನು ಹಳೆಯ ಕೊರೊಲ್ಲಾ ಆಲ್ಟಿಸ್ ಒಂದಕ್ಕೆ ಇದೇ ವಿಧಾನ ಅನುಸರಿಸುತ್ತ ಬಂದಿದ್ದೇನೆ, ನನ್ನ ಪಾರ್ಕಿಂಗಿನಲ್ಲೂ ಕಾರನ್ನು ಎತ್ತಲು ಜಾಗವಿಲ್ಲ.

ಎಕ್ಸ್‌ಟ್ರಾಕ್ಟರ್ ಕೊಳ್ಳುವಾಗ ಎಲ್ಲರೂ ಡಬ್ಬದ ಗಾತ್ರ ನೋಡುತ್ತಾರೆ. ನೋಡಬೇಕಾದದ್ದು ನಳಿಕೆಯ ಒಳವ್ಯಾಸ. ಪಂಪು ಎಷ್ಟೇ ಗಟ್ಟಿಯಾಗಿದ್ದರೂ ಡಬ್ಬದೊಳಗೆ ನಿರ್ವಾತ ಉಂಟುಮಾಡುವುದಷ್ಟೇ ಅದರ ಕೆಲಸ, ಆಯಿಲನ್ನು ಮೇಲಕ್ಕೆ ತಳ್ಳುವುದು ಹೊರಗಿನ ವಾಯುಮಂಡಲದ ಒತ್ತಡ, ಅದನ್ನು ಯಾವ ಪಂಪೂ ಹೆಚ್ಚಿಸಲಾರದು. ತೆಳು ನಳಿಕೆಯಲ್ಲಿ ಹರಿವು ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುವುದರಿಂದ ಒಳವ್ಯಾಸ ಅರ್ಧವಾದರೆ ಹರಿವು ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆದ್ದರಿಂದ ಡಿಪ್‌ಸ್ಟಿಕ್ ಕೊಳವೆಯೊಳಗೆ ಸಲೀಸಾಗಿ ಇಳಿಯುವ ನಳಿಕೆಗಳಲ್ಲಿ ಅತಿ ದಪ್ಪದ್ದನ್ನು ಆರಿಸಿಕೊಳ್ಳಿ. ಪೆಟ್ಟಿಗೆಯಲ್ಲಿ ಎರಡು ಮೂರು ಅಳತೆಯ ನಳಿಕೆಗಳು ಬರುತ್ತವೆ. ಬ್ರೇಕ್ ಆಯಿಲಿಗೆಂದು ಕೊಡುವ ಸಪೂರ ನಳಿಕೆಯನ್ನು ಹಿಡಿದು ಕೂತರೆ ಮಧ್ಯಾಹ್ನದ ಊಟ ತಪ್ಪುತ್ತದೆ.

ಆಯಿಲ್ ಬೆಚ್ಚಗಿರಬೇಕು, ಕೊತಕೊತ ಇರಬಾರದು. ಸಾಮಾನ್ಯ ಎಟಿಎಫ್‌ನ ಸ್ನಿಗ್ಧತೆ 40 ಡಿಗ್ರಿಯಲ್ಲಿ ಇದ್ದದ್ದು 100 ಡಿಗ್ರಿಗೆ ಬರುವಷ್ಟರಲ್ಲಿ ಸುಮಾರು ಐದನೇ ಒಂದು ಪಾಲಿಗೆ ಇಳಿಯುತ್ತದೆ, ಅಂದರೆ ಬಿಸಿಯಾದಷ್ಟೂ ಬೇಗ ಏರಿ ಬರುತ್ತದೆ. ಆದರೆ ತುಂಬ ಬಿಸಿಯಾದ ಆಯಿಲಿನಲ್ಲಿ ಪ್ಲಾಸ್ಟಿಕ್ ನಳಿಕೆ ಮೆತ್ತಗಾಗಿ ನಿರ್ವಾತಕ್ಕೆ ಚಪ್ಪಟೆಯಾಗುತ್ತದೆ, ಹರಿವು ನಿಂತುಹೋಗುತ್ತದೆ, ಕೈಯೂ ಸುಡುತ್ತದೆ. ಬಡಾವಣೆಯಲ್ಲಿ ಒಂದು ಸುತ್ತು ಓಡಿಸಿ ತಂದು, ಎಂಜಿನ್ ನಿಲ್ಲಿಸಿ, ಬಾನೆಟ್ ತೆರೆದು ಅರ್ಧ ಗಂಟೆ ಬಿಟ್ಟರೆ ಹದವಾಗುತ್ತದೆ. ಎಂಜಿನ್ ಚಾಲೂ ಇರುವಾಗ ನಳಿಕೆಯನ್ನು ಒಳಗಿಳಿಸುವ ಕೆಲಸಕ್ಕೆ ಎಂದಿಗೂ ಹೋಗಬೇಡಿ.

ನಳಿಕೆ ತಳಕ್ಕೆ ತಾಗಿದ್ದು ಬೆರಳಿಗೆ ತಿಳಿಯುತ್ತದೆ. ತಾಗಿದ ಮೇಲೆ ಅರ್ಧ ಸೆಂಟಿಮೀಟರ್‌ನಷ್ಟು ಮೇಲೆತ್ತಿ ಹಿಡಿಯಬೇಕು, ಇಲ್ಲವಾದರೆ ನಳಿಕೆಯ ಬಾಯಿ ಲೋಹಕ್ಕೆ ಒತ್ತಿಕೊಂಡು ಮುಚ್ಚಿಹೋಗುತ್ತದೆ. ನಳಿಕೆಯ ತುದಿಯನ್ನು ಬ್ಲೇಡಿನಿಂದ ಓರೆಯಾಗಿ ಕತ್ತರಿಸಿದರೆ ಈ ತೊಂದರೆ ಕಡಿಮೆ. ಮೊದಲು ಅಚ್ಚ ಆಯಿಲ್ ಬರುತ್ತದೆ, ಕೊನೆಗೆ ಗಾಳಿಯ ಗುಳ್ಳೆಗಳು ಬರತೊಡಗಿ ನಳಿಕೆಯಲ್ಲಿ ಗೊರಗೊರ ಸದ್ದಾಗುತ್ತದೆ. ಆಗ ನಳಿಕೆಯನ್ನು ಸ್ವಲ್ಪ ತಿರುಗಿಸಿ, ಎತ್ತಿ ಇಳಿಸಿ ನೋಡಿದರೆ ಇನ್ನಷ್ಟು ಬರುವುದುಂಟು.

ಕೆಲವು ಗೇರ್‌ಬಾಕ್ಸುಗಳಲ್ಲಿ ಡಿಪ್‌ಸ್ಟಿಕ್ ಕೊಳವೆಯ ಕೆಳಗೆ ವಾಲ್ವ್ ಬಾಡಿಯೋ ತಡೆತಗಡೋ ಅಡ್ಡ ಬಂದು ನಳಿಕೆ ತಳ ಮುಟ್ಟುವುದೇ ಇಲ್ಲ. ಆಗ ಬಲವಂತ ಮಾಡಬಾರದು. ತುದಿ ಮುರಿದು ಒಳಗೆ ಉಳಿದರೆ ಅದನ್ನು ತೆಗೆಯಲು ಗೇರ್‌ಬಾಕ್ಸಿನ ತಳದ ತಟ್ಟೆಯನ್ನು, ಅಂದರೆ ಪ್ಯಾನ್ ಬಿಚ್ಚಬೇಕಾಗುತ್ತದೆ, ಆ ತಾಪತ್ರಯ ತಪ್ಪಿಸಲೆಂದೇ ಅಲ್ಲವೇ ನಾವು ಮೇಲಿನಿಂದ ಹೀರಲು ಹೊರಟಿದ್ದು.

ಹೊರಬಂದದ್ದನ್ನು ಅಳೆಯಲು ಎಕ್ಸ್‌ಟ್ರಾಕ್ಟರ್ ಡಬ್ಬದ ಮೇಲಿನ ಗೆರೆಗಳನ್ನು ನಂಬಬೇಡಿ, ಅವು ಅಂದಾಜಿನವು. ಖಾಲಿಯಾದ ಒಂದು ಲೀಟರಿನ ನೀರಿನ ಬಾಟಲಿಗಳಿಗೆ ಸುರಿದು ಅಳೆಯಿರಿ, ಹಾಕುವ ಹೊಸದನ್ನೂ ಅದೇ ಬಗೆಯ ಬಾಟಲಿಯಲ್ಲಿ ಅಳೆದು ಹಾಕಿ. ಒರೆಸಲು ಗ್ಯಾರೇಜಿನ ಕಾಟನ್ ವೇಸ್ಟ್ ಬಳಸುವುದೂ ಬೇಡ. ಅದರ ಒಂದು ಎಳೆ ವಾಲ್ವ್ ಬಾಡಿಯ ಸಣ್ಣ ರಂಧ್ರದಲ್ಲಿ ಸಿಕ್ಕಿಕೊಂಡರೆ ಗೇರು ಬೀಳುವುದು ತಡವಾಗುತ್ತದೆ.

ಮಡಗಾಂವ್–ಚೋರ್ಲಾ (ಗೋವಾ)

ಇಬ್ಬರು ಹಿರಿಯರ ಮಾತಿಗೂ ಗೌರವವಿದೆ, ಆದರೂ ನಾನು ಒಪ್ಪುವುದಿಲ್ಲ. ಬೆಳಗಾವಿಗೆ ಚೋರ್ಲಾ ಘಾಟಿಯ ಮೂಲಕ ಆಗಾಗ ಓಡಾಡುವ ನನಗೆ ಗೇರ್‌ಬಾಕ್ಸಿನ ಶಾಖ ಏನೆಂಬುದು ಚೆನ್ನಾಗಿ ಗೊತ್ತು. ಆಯಿಲ್ ಬದಲಿಸಬೇಕೆಂಬುದರಲ್ಲಿ ತಕರಾರಿಲ್ಲ. ತಕರಾರಿರುವುದು ಹೀರುವುದರ ಬಗ್ಗೆ.

ಕೆಳಗೆ ಡ್ರೇನ್ ಪ್ಲಗ್ ಇರುವ ಗೇರ್‌ಬಾಕ್ಸಿನಲ್ಲಿ ಮೇಲಿನಿಂದ ಹೀರುವುದೇಕೆ? ಹಲವು ಡ್ರೇನ್ ಪ್ಲಗ್‌ಗಳ ತುದಿಯಲ್ಲಿ ಅಯಸ್ಕಾಂತವಿರುತ್ತದೆ, ಪ್ಯಾನ್ ಇರುವ ಗೇರ್‌ಬಾಕ್ಸುಗಳಲ್ಲಿ ಪ್ಯಾನಿನೊಳಗೂ ಇರುತ್ತವೆ. ಆ ಅಯಸ್ಕಾಂತದ ಮೇಲೆ ಕೂತಿರುವುದು ಬೂದುಬಣ್ಣದ ನುಣ್ಣನೆಯ ಹಿಟ್ಟಿನಂಥ ಪುಡಿಯಾದರೆ ಅದು ವಯಸ್ಸಿನ ಸವೆತ, ಒರೆಸಿ ಹಾಕಿದರಾಯಿತು. ಬೆರಳಿಗೆ ಚುಚ್ಚುವ ಚೂರುಗಳಿದ್ದರೆ ಒಳಗೆ ಬೇರಿಂಗೋ ಗೇರೋ ಒಡೆಯುತ್ತಿದೆ ಎಂದರ್ಥ, ಆಗ ಹೊಸ ಆಯಿಲಿಗೆ ಹಣ ಸುರಿಯುವುದಕ್ಕೆ ಮೊದಲು ಬೇರೆ ಯೋಚನೆ ಮಾಡಬೇಕು. ಎಕ್ಸ್‌ಟ್ರಾಕ್ಟರ್ ಹಿಡಿದವರಿಗೆ ಈ ಸುದ್ದಿ ಸಿಗುವುದೇ ಇಲ್ಲ. ಅವರು ಆಯಿಲಿನ ಬಣ್ಣ ನೋಡಿ ಸಮಾಧಾನಪಟ್ಟುಕೊಳ್ಳುತ್ತಾರೆ.

ಫಿಲ್ಟರಿನ ಮಾತು ಬೇರೆಯೇ ಇದೆ. ಪ್ಯಾನ್ ಬಿಚ್ಚಿದರೆ ಕೈಗೆ ಸಿಗುವ ಫಿಲ್ಟರ್ ಇರುವ ಗೇರ್‌ಬಾಕ್ಸುಗಳಲ್ಲಿ, ಎಪ್ಪತ್ತು ಸಾವಿರ ಕಿಲೋಮೀಟರ್ ಕಸ ಹಿಡಿದ ಅದೇ ಫಿಲ್ಟರ್ ಮೂಲಕ ಹೊಸ ಆಯಿಲನ್ನು ಹಾಯಿಸುವುದು ನನಗೆ ಸರಿ ಕಾಣುವುದಿಲ್ಲ. ಸೊಸೈಟಿಯ ಕಮಿಟಿ ಬೇಡವೆಂದರೆ ಹತ್ತಿರದ ಗ್ಯಾರೇಜಿನ ಪಿಟ್ ಅಥವಾ ಲಿಫ್ಟನ್ನು ಒಂದೆರಡು ಗಂಟೆಗೆ ಕೇಳಿ, ನಿಂತು ಮಾಡಿಸಿಕೊಳ್ಳಿ.

ಪಿಂಪ್ರಿಯ ಹಳೆಯ ಫೋರ್‌ಮನ್ (ಪುಣೆ)

ಗೋವಾದವರು ಹೇಳಿದ ಅಯಸ್ಕಾಂತದ ಮಾತನ್ನು ಪೂರ್ತಿ ಒಪ್ಪುತ್ತೇನೆ. ವರ್ಕ್‌ಶಾಪಿನಲ್ಲಿ ನಾವು ಮೊದಲು ನೋಡುತ್ತಿದ್ದುದು ಅದನ್ನೇ. ಫಿಲ್ಟರಿನ ಮಾತು ಮಾತ್ರ ಎಲ್ಲ ಗೇರ್‌ಬಾಕ್ಸಿಗೂ ಅನ್ವಯಿಸುವುದಿಲ್ಲ. ಹೋಂಡಾದ ಹಳೆಯ ಐದು ಗೇರಿನ ಆಟೊಮ್ಯಾಟಿಕ್‌ನಲ್ಲಿ ಪ್ಯಾನ್ ಎಂಬುದೇ ಇಲ್ಲ, ಒಳಗಿನ ಫಿಲ್ಟರ್ ಬೇಕೆಂದರೆ ಗೇರ್‌ಬಾಕ್ಸನ್ನೇ ಬಿಚ್ಚಬೇಕು. ಅದಕ್ಕೆ ಡ್ರೇನ್ ಪ್ಲಗ್ ತೆಗೆದು ಆಯಿಲ್ ಬದಲಿಸುವುದೊಂದೇ ನಿಯಮಿತ ಆರೈಕೆ. ಅನೇಕ ಗೇರ್‌ಬಾಕ್ಸುಗಳಲ್ಲಿ ಫಿಲ್ಟರ್ ಎಂದರೆ ಲೋಹದ ಬಲೆ ಮಾತ್ರ, ದೊಡ್ಡ ಚೂರುಗಳನ್ನು ತಡೆಯುವುದಷ್ಟೇ ಅದರ ಕೆಲಸ. ಹಾಗಾಗಿ ಠಾಣೆಯವರು ತಮ್ಮ ಕಾರನ್ನು ಮುಂದೆ ಯಾವಾಗಲಾದರೂ ಬೇರೆ ಕೆಲಸಕ್ಕೆ ಲಿಫ್ಟ್ ಮೇಲೆ ಏರಿಸಿದಾಗ ಒಂದು ಸಲ ಕೆಳಗಿನಿಂದ ಬಿಟ್ಟು ಪ್ಲಗ್ ನೋಡಿಸಲಿ, ನಡುವಿನ ಕಂತುಗಳನ್ನು ಹೀರಿಕೊಂಡೇ ನಡೆಸಲಿ. ಎರಡು ವಿಧಾನಗಳು ಒಂದಕ್ಕೊಂದು ಶತ್ರುಗಳಲ್ಲ.

ಗ್ಯಾರೇಜಿನಲ್ಲಿ ನಿಂತು ಮಾಡಿಸಿಕೊಳ್ಳುವ ಸಲಹೆ ಒಳ್ಳೆಯದು, ಆದರೆ ಅಲ್ಲಿ ಡ್ರಮ್ಮಿನಿಂದ ತೆಗೆದು ಹಾಕುವ ಕೆಂಪು ಆಯಿಲ್ ಯಾವುದೆಂದು ಕೇಳಲು ಮರೆಯಬೇಡಿ. ಸ್ವತಃ ಮಾಡುವವನಿಗೆ ಇರುವ ದೊಡ್ಡ ಲಾಭವೆಂದರೆ ಡಬ್ಬಿಯ ಸೀಲು ಒಡೆಯುವುದು ಅವನ ಕೈಯಲ್ಲೇ ಇರುತ್ತದೆ.

ಘೋಡಬಂದರ್ ನಿವಾಸಿ (ಠಾಣೆ)

ಎಲ್ಲರಿಗೂ ಕೃತಜ್ಞತೆಗಳು. ಆಯಿಲಿನ ಜಾತಿಯ ಬಗ್ಗೆಯೇ ಮುಂದಿನ ಪ್ರಶ್ನೆ. ಕೈಪಿಡಿಯಲ್ಲಿ ಎಸ್‌ಪಿ-3 ಎಂದಿದೆ. ಕುರ್ಲಾದ ಬಿಡಿಭಾಗಗಳ ಅಂಗಡಿಯವರು ಡೆಕ್ಸ್‌ರಾನ್-3 ಎಂದು ಬರೆದಿರುವ ಡಬ್ಬಿ ತೋರಿಸಿ, ಎರಡೂ ಕೆಂಪು, ಎರಡೂ ಒಂದೇ ಎನ್ನುತ್ತಾರೆ. ಇನ್ನೊಂದು ಅಂಗಡಿಯಲ್ಲಿ ಎಸ್‌ಪಿ-4 ಇದೆ, ಅದು ಹೊಸದು, ಇನ್ನೂ ಒಳ್ಳೆಯದು ಎನ್ನುತ್ತಾರೆ. ಯಾರ ಮಾತು ಕೇಳಬೇಕು?

ಪಿಂಪ್ರಿಯ ಹಳೆಯ ಫೋರ್‌ಮನ್ (ಪುಣೆ)

ಕೈಪಿಡಿಯ ಮಾತು ಕೇಳಿ. ಕೆಂಪು ಎಂಬುದು ಬಣ್ಣ ಹಾಕಿದ ಕಾರಣಕ್ಕೆ ಬಂದದ್ದು, ಸೋರಿಕೆಯಾದಾಗ ಎಂಜಿನ್ ಆಯಿಲಿನಿಂದ ಬೇರೆಯಾಗಿ ಕಾಣಲಿ ಎಂಬುದು ಅದರ ಉದ್ದೇಶ. ಅದರಿಂದ ಗುಣ ತಿಳಿಯುವುದಿಲ್ಲ. ಎಟಿಎಫ್‌ಗಳ ನಡುವೆ ನಿಜವಾದ ವ್ಯತ್ಯಾಸವಿರುವುದು ಸ್ನಿಗ್ಧತೆಯಲ್ಲಿ ಮತ್ತು ಕ್ಲಚ್ ಪ್ಲೇಟುಗಳು ಕೂಡುವ ಗಳಿಗೆಯಲ್ಲಿ ಅವು ಕೊಡುವ ಹಿಡಿತದಲ್ಲಿ. ಗೇರ್‌ಬಾಕ್ಸಿನ ಕಂಪ್ಯೂಟರು ಎಷ್ಟು ಒತ್ತಡದಲ್ಲಿ, ಎಷ್ಟು ಹೊತ್ತಿನಲ್ಲಿ ಕ್ಲಚ್ ಕೂಡಿಸಬೇಕೆಂದು ಲೆಕ್ಕ ಹಾಕುವಾಗ ನಿರ್ದಿಷ್ಟ ಆಯಿಲಿನ ಹಿಡಿತವನ್ನೇ ನಂಬಿರುತ್ತದೆ. ಹಿಡಿತ ಬದಲಾದರೆ ಒಂದೋ ಜಗ್ಗು ಹೆಚ್ಚುತ್ತದೆ, ಇಲ್ಲವೇ ಲಾಕ್‌ಅಪ್ ಕೂಡುವಾಗ ಸಣ್ಣ ನಡುಕ ಬರುತ್ತದೆ.

ಡೆಕ್ಸ್‌ರಾನ್ ಎಂಬುದು ಜನರಲ್ ಮೋಟರ್ಸ್ ಕಂಪನಿಯ ಮಾನದಂಡ. ಅದರ ಮೂರನೆಯ ಪೀಳಿಗೆಗೆ ಪರವಾನಗಿ ಕೊಡುವುದನ್ನು ಆ ಕಂಪನಿಯೇ 2006ರ ಕೊನೆಗೆ ನಿಲ್ಲಿಸಿ, ಆರನೆಯ ಪೀಳಿಗೆಗೆ ಹೋಯಿತು. ಇಂದು ಡೆಕ್ಸ್‌ರಾನ್-3 ಎಂದು ಬರೆದುಕೊಂಡು ಬರುವ ಡಬ್ಬಿಗಳು ಆ ಪರವಾನಗಿಯ ಅಡಿಯಲ್ಲಿ ಬಂದವಲ್ಲ. ಎಸ್‌ಪಿ-4 ಹೊಸದೆಂಬುದು ನಿಜ, ಅದು ಹ್ಯುಂಡೈನ ಆರು ಗೇರಿನ ಗೇರ್‌ಬಾಕ್ಸುಗಳಿಗಾಗಿ ಬಂದದ್ದು. ಸಂಖ್ಯೆ ದೊಡ್ಡದಿದ್ದ ಮಾತ್ರಕ್ಕೆ ನಾಲ್ಕು ಗೇರಿನ ನಿಮ್ಮ ಕಾರಿಗೆ ಅದು ಮೇಲ್ದರ್ಜೆಯ ಆಯಿಲ್ ಆಗುವುದಿಲ್ಲ. ಎಸ್‌ಪಿ-3 ಎಂದು ಸ್ಪಷ್ಟವಾಗಿ ನಮೂದಿಸಿರುವ ಆಯಿಲನ್ನೇ ಕೊಳ್ಳಿ. ಠಾಣೆಯಲ್ಲಿ ಸಿಗದಿದ್ದರೆ ಪುಣೆಯ ನಾನಾ ಪೇಠೆಯಲ್ಲಿ ವಿಚಾರಿಸಬಹುದು.

ವಾಕಡ್ ಹೊಸಬ (ಪುಣೆ)

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು ಮಾರುತಿಯ ಎಜಿಎಸ್ ಇರುವ ಸೆಲೆರಿಯೊ. ಅದಕ್ಕೂ ಹೀಗೆಯೇ ಎಟಿಎಫ್ ಹೀರಿ ತೆಗೆಯಬೇಕೇ?

ಡೊಂಬಿವಲಿ ಪೂರ್ವ

ಬೇಡ. ಎಜಿಎಸ್ ಎಂಬುದು ಸಾಮಾನ್ಯ ಮ್ಯಾನುವಲ್ ಗೇರ್‌ಬಾಕ್ಸ್. ಕ್ಲಚ್ ಒತ್ತುವ ಮತ್ತು ಗೇರು ಬದಲಿಸುವ ಕೆಲಸವನ್ನು ಮಾತ್ರ ಹೈಡ್ರಾಲಿಕ್ ಯಂತ್ರವೊಂದು ನಿಮ್ಮ ಬದಲಿಗೆ ಮಾಡುತ್ತದೆ. ಅದರೊಳಗಿರುವುದು ಗೇರ್ ಆಯಿಲ್. ಬೆಲ್ಟಿನಿಂದ ನಡೆಯುವ ಸಿವಿಟಿ ಗೇರ್‌ಬಾಕ್ಸಿನದು ಮತ್ತೂ ಬೇರೆ, ಅದಕ್ಕೆ ಅದರದೇ ಆಯಿಲ್ ಬೇಕು, ಎಟಿಎಫ್ ಹಾಕಿದರೆ ಬೆಲ್ಟ್ ಜಾರಿ ಹಾಳಾಗುತ್ತದೆ. ಹೊಸ ಕಾಲದ ಹಲವು ಟಾರ್ಕ್ ಕನ್ವರ್ಟರ್ ಗೇರ್‌ಬಾಕ್ಸುಗಳಲ್ಲಿ ಡಿಪ್‌ಸ್ಟಿಕ್ಕೇ ಇರುವುದಿಲ್ಲ, ನಿರ್ದಿಷ್ಟ ಉಷ್ಣತೆಯಲ್ಲಿ ಎಂಜಿನ್ ಚಾಲೂ ಇಟ್ಟು, ಪಕ್ಕದ ಅಥವಾ ಕೆಳಗಿನ ಪ್ಲಗ್ ತೆಗೆದು, ಹೆಚ್ಚಾದದ್ದು ಸೋರಿಹೋಗುವವರೆಗೆ ಕಾದು ಮಟ್ಟ ಹೊಂದಿಸಬೇಕು. ಇವಕ್ಕೆ ಲಿಫ್ಟ್ ಇಲ್ಲದೆ ಕೈಹಾಕಬಾರದು.

ಕುರ್ಲಾ ಪಶ್ಚಿಮ

ಮುಂಬಯಿಯಲ್ಲಿ ಹಳೆಯ ಆಟೊಮ್ಯಾಟಿಕ್ ಕಾರು ಕೊಂಡವರು ನೋಡಲೇಬೇಕಾದ ಇನ್ನೊಂದು ಸಂಗತಿ ನೀರಿನದು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದಾಗ ಮುಳುಗಿದ ಕಾರುಗಳ ಕಥೆ ಹಳೆಯದಾಯಿತು, ಆದರೆ ಹಿಂದಮಾತಾ, ಮಿಲನ್ ಸಬ್‌ವೇ, ಅಂಧೇರಿ ಸಬ್‌ವೇಗಳಲ್ಲಿ ಮೊಣಕಾಲೆತ್ತರದ ನೀರಿನಲ್ಲಿ ಸಿಕ್ಕಿಬೀಳುವುದು ಇಂದಿಗೂ ಮಳೆಗಾಲದ ಮಾಮೂಲು. ಗೇರ್‌ಬಾಕ್ಸಿಗೆ ಉಸಿರಾಡಲು ಒಂದು ಬ್ರೀದರ್ ಇರುತ್ತದೆ. ಬಿಸಿಯಾಗಿದ್ದ ಗೇರ್‌ಬಾಕ್ಸ್ ನೀರಿನಲ್ಲಿ ಮುಳುಗಿ ತಟ್ಟನೆ ತಣಿದಾಗ ಒಳಗಿನ ಗಾಳಿ ಕುಗ್ಗಿ, ಆ ದಾರಿಯಿಂದ ನೀರನ್ನು ಒಳಗೆಳೆದುಕೊಳ್ಳುತ್ತದೆ.

ನೀರು ಸೇರಿದ ಎಟಿಎಫ್ ಗುಲಾಬಿ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಮಳೆಯ ನೀರಿಲ್ಲದೆಯೂ ಹೀಗಾಗಬಹುದು, ಏಕೆಂದರೆ ಅನೇಕ ಕಾರುಗಳಲ್ಲಿ ಎಟಿಎಫ್ ತಣಿಸುವ ಕೂಲರ್ ರೇಡಿಯೇಟರಿನ ತೊಟ್ಟಿಯೊಳಗೇ ಇರುತ್ತದೆ. ಕೂಲಂಟ್ ಬದಲು ಬೋರ್‌ವೆಲ್ ನೀರು ತುಂಬಿಸುತ್ತ ಬಂದಲ್ಲಿ ತುಕ್ಕು ಹಿಡಿದು ತೂತಾದರೆ ಎರಡೂ ಬೆರೆತುಹೋಗುತ್ತವೆ. ಇಂಥ ಆಯಿಲ್ ಕಂಡರೆ ಕಂತಿನಲ್ಲಿ ಹೀರುವ ವಿಧಾನವನ್ನು ಮರೆತುಬಿಡಿ. ಕ್ಲಚ್ ಪ್ಲೇಟಿನ ಲೈನಿಂಗ್ ನೀರು ಹೀರಿಕೊಂಡು ಅಂಟು ಬಿಡುತ್ತದೆ, ಆದ್ದರಿಂದ ಕಾರನ್ನು ಚಾಲೂ ಮಾಡದೆ ಎಳೆದೊಯ್ದು, ಮೊದಲು ನೀರು ಬಂದ ದಾರಿ ಮುಚ್ಚಿಸಿ, ಕೂಲರ್ ಪೈಪುಗಳ ಸಮೇತ ಪೂರ್ತಿ ಬದಲಿಸಬೇಕು.

ಘೋಡಬಂದರ್ ನಿವಾಸಿ (ಠಾಣೆ)

ನಮ್ಮದು ಹಾಲಿನಂತಿಲ್ಲ, ಪಾರದರ್ಶಕವಾಗಿಯೇ ಇದೆ. ರೇಡಿಯೇಟರ್ ಮುಚ್ಚಳದ ಕೆಳಗೂ ಆಯಿಲಿನ ಜಿಡ್ಡಿಲ್ಲ. ಕೊನೆಯ ಎರಡು ಪ್ರಶ್ನೆಗಳು: ಹೊಸ ಆಯಿಲ್ ಹಾಕಿದ ಮೇಲೆ ಮಟ್ಟ ನೋಡುವ ಸರಿಯಾದ ಕ್ರಮವೇನು, ಮತ್ತು ತೆಗೆದ ಹಳೆಯ ಆಯಿಲನ್ನು ಏನು ಮಾಡಬೇಕು?

ಪಿಂಪ್ರಿಯ ಹಳೆಯ ಫೋರ್‌ಮನ್ (ಪುಣೆ)

ಮಟ್ಟದ ವಿಚಾರದಲ್ಲಿ ಅವಸರ ಬೇಡ, ಈ ಕೆಲಸದಲ್ಲಿ ಗೇರ್‌ಬಾಕ್ಸಿಗೆ ಅಪಾಯವಾಗುವುದು ಇಲ್ಲಿಯೇ. ಆಯಿಲ್ ಕಡಿಮೆಯಾದರೆ ಪಂಪು ಗಾಳಿ ಎಳೆದುಕೊಂಡು ಒತ್ತಡ ಕುಸಿಯುತ್ತದೆ, ಕ್ಲಚ್ ಜಾರಿ ಸುಡುತ್ತದೆ. ಹೆಚ್ಚಾದರೆ ತಿರುಗುವ ಭಾಗಗಳು ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತವೆ, ನೊರೆಯೆಂದರೆ ಮತ್ತೆ ಗಾಳಿಯೇ. ಬ್ರೀದರಿನಿಂದ ಹೊರಗೂ ಉಕ್ಕುತ್ತದೆ.

ನೀವು ತೆಗೆದಷ್ಟನ್ನೇ ಅಳೆದು ಹಾಕಿದರೆ ಅರ್ಧ ಕೆಲಸ ಮುಗಿದಂತೆ, ಆದರೆ ತೆಗೆಯುವ ಮೊದಲೇ ಮಟ್ಟ ಸರಿಯಿತ್ತೇ ಎಂದು ಬಿಸಿಯಲ್ಲಿ ನೋಡಿಕೊಂಡಿರಬೇಕು. ಮೊದಲೇ ಅರ್ಧ ಲೀಟರ್ ಕಡಿಮೆಯಿದ್ದರೆ ನೀವು ಅದೇ ಕೊರತೆಯನ್ನು ಮುಂದುವರಿಸಿದಂತಾಗುತ್ತದೆ. ಹಾಕುವಾಗ ಉದ್ದ ಕೊಳವೆಯ ಸಪೂರ ಲಾಳಿಕೆಯನ್ನು ಡಿಪ್‌ಸ್ಟಿಕ್ ಬಾಯಿಗೆ ಕೊಟ್ಟು ನಿಧಾನವಾಗಿ ಸುರಿಯಿರಿ. ಆ ಕೊಳವೆ ಕಿರಿದು, ಅವಸರಪಟ್ಟರೆ ಉಕ್ಕಿ ಬಿಸಿ ಎಂಜಿನ್ನಿನ ಮೇಲೆ ಚೆಲ್ಲುತ್ತದೆ. ತೆಗೆದದ್ದಕ್ಕಿಂತ ನೂರು ನೂರೈವತ್ತು ಮಿಲಿಲೀಟರ್ ಕಡಿಮೆ ಹಾಕಿ ನಿಲ್ಲಿಸಿ, ಉಳಿದದ್ದನ್ನು ಬಿಸಿಯಲ್ಲಿ ನೋಡಿ ಸೇರಿಸುವುದು ನಮ್ಮ ಪದ್ಧತಿಯಾಗಿತ್ತು. ಸೇರಿಸುವುದು ಸುಲಭ, ಹೆಚ್ಚಾದದ್ದನ್ನು ಮತ್ತೆ ಹೀರುವುದು ಬೇಸರದ ಕೆಲಸ.

ಆಮೇಲೆ ಎಂಜಿನ್ ಚಾಲೂ ಮಾಡಿ, ಬ್ರೇಕ್ ಒತ್ತಿಹಿಡಿದು, ಗೇರ್ ಲಿವರನ್ನು ಪಾರ್ಕಿನಿಂದ ಕೊನೆಯ ಸ್ಥಾನದವರೆಗೆ ಒಂದೊಂದರಲ್ಲೂ ಕೆಲವು ಕ್ಷಣ ನಿಲ್ಲಿಸುತ್ತ ತಂದು ಹಿಂದಕ್ಕೆ ಒಯ್ಯಿರಿ, ಖಾಲಿಯಾದ ದಾರಿಗಳೆಲ್ಲ ತುಂಬಿಕೊಳ್ಳಲಿ. ಒಂದು ಸುತ್ತು ಓಡಿಸಿ ಆಯಿಲ್ 70ರಿಂದ 80 ಡಿಗ್ರಿಗೆ ಬಂದ ಮೇಲೆ, ಸಮತಟ್ಟಾದ ನೆಲದಲ್ಲಿ, ಎಂಜಿನ್ ಐಡಲಿನಲ್ಲಿರುವಾಗಲೇ ಡಿಪ್‌ಸ್ಟಿಕ್ ತೆಗೆದು ಒರೆಸಿ, ಮತ್ತೆ ಹಾಕಿ ತೆಗೆದು ನೋಡಿ. ಹಾಟ್ ಎಂಬ ಗುರುತಿನ ಎರಡು ಗೆರೆಗಳ ನಡುವೆ ಇರಬೇಕು. ಕಾರಿನ ಕಂಪ್ಯೂಟರಿನ ಮಾಹಿತಿ ಓದುವ ಅಗ್ಗದ ಓಬಿಡಿ ಸ್ಕ್ಯಾನರುಗಳು ಸಾಮಾನ್ಯವಾಗಿ ಕೂಲಂಟಿನ ಉಷ್ಣತೆಯನ್ನಷ್ಟೇ ತೋರಿಸುತ್ತವೆ, ಅದನ್ನು ಎಟಿಎಫ್‌ನದೆಂದು ತಿಳಿಯಬೇಡಿ. ಎಂಜಿನ್ ಬೇಗ ಬಿಸಿಯಾಗುತ್ತದೆ, ಗೇರ್‌ಬಾಕ್ಸ್ ತಡವಾಗಿ. ತಣ್ಣಗಿರುವಾಗ ನೋಡಿದ ಮಟ್ಟಕ್ಕೆ ಬೆಲೆಯಿಲ್ಲದಿರುವುದು ಏಕೆಂದರೆ, ಆರು ಲೀಟರ್ ಆಯಿಲ್ 60 ಡಿಗ್ರಿಯಷ್ಟು ಬಿಸಿಯಾದರೆ ಸುಮಾರು ಕಾಲು ಲೀಟರಿನಷ್ಟು ಹಿಗ್ಗುತ್ತದೆ. ಹೋಂಡಾ ಇಟ್ಟುಕೊಂಡವರು ಈ ಕ್ರಮವನ್ನು ಅನುಸರಿಸಬಾರದು. ಅದರಲ್ಲಿ ಬಿಸಿಯಾದ ಎಂಜಿನ್ನನ್ನು ನಿಲ್ಲಿಸಿ, 60ರಿಂದ 90 ಸೆಕೆಂಡಿನೊಳಗೆ ನೋಡಬೇಕು.

ಹಳೆಯ ಆಯಿಲನ್ನು ಮೋರಿಗೆ ಸುರಿಯಬೇಡಿ, ಸೊಸೈಟಿಯ ಕಸದ ಡಬ್ಬಿಗೂ ಹಾಕಬೇಡಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಆಯಿಲ್ ಪರವಾನಗಿ ಇರುವ ಮರುಸಂಸ್ಕರಣಾ ಘಟಕಕ್ಕೇ ಹೋಗಬೇಕು. ದೊಡ್ಡ ವರ್ಕ್‌ಶಾಪುಗಳು ಬಳಸಿದ ಆಯಿಲನ್ನು ಡ್ರಮ್ಮುಗಳಲ್ಲಿ ಕೂಡಿಟ್ಟು ಅಂಥವರಿಗೆ ಕೊಡುತ್ತವೆ. ಮುಚ್ಚಳ ಬಿಗಿದ ಬಾಟಲಿಗಳಲ್ಲಿ ಒಯ್ದು ಕೇಳಿದರೆ ಸಾಮಾನ್ಯವಾಗಿ ತೆಗೆದುಕೊಳ್ಳುತ್ತಾರೆ. ಬಾಟಲಿಯ ಮೇಲೆ ಏನಿದೆ ಎಂದು ದೊಡ್ಡದಾಗಿ ಬರೆದಿಡಿ, ನೀರಿನ ಬಾಟಲಿಯಲ್ಲಿ ಕೆಂಪು ಬಣ್ಣದ ದ್ರವ ಕಂಡರೆ ಮಕ್ಕಳು ಶರಬತ್ತೆಂದು ತಿಳಿಯುವ ಅಪಾಯವಿದೆ. ಕೊಡುವ ಮೊದಲು ಒಂದು ಸಣ್ಣ ಗಾಜಿನ ಶೀಶೆಯಲ್ಲಿ ಸ್ವಲ್ಪ ಮಾದರಿ ತೆಗೆದು ದಿನಾಂಕ, ಕಿಲೋಮೀಟರ್ ಬರೆದಿಟ್ಟುಕೊಳ್ಳಿ. ಎರಡನೆಯ ಕಂತಿನ ಮಾದರಿಯನ್ನು ಅದರ ಪಕ್ಕದಲ್ಲಿಟ್ಟು ಬೆಳಕಿಗೆ ಹಿಡಿದಾಗ ಮೂರನೆಯ ಕಂತು ಈಗಲೇ ಬೇಕೇ, ಮುಂದಿನ ವರ್ಷಕ್ಕೆ ಸಾಕೇ ಎಂಬುದನ್ನು ನೀವೇ ತೀರ್ಮಾನಿಸಬಹುದು.

ಮಡಗಾಂವ್–ಚೋರ್ಲಾ (ಗೋವಾ)

ಶೀಶೆಯ ಸಲಹೆ ಚೆನ್ನಾಗಿದೆ. ಆದರೂ ಪ್ಲಗ್ ನೋಡಿಸಿ, ಅದರ ಮೇಲೆ ಕಂಡದ್ದನ್ನು ಇಲ್ಲಿ ಬರೆಯಿರಿ. ಪ್ಲಗ್ ಬಿಚ್ಚಿಸಿದಾಗ ಅದರ ವಾಷರನ್ನೂ ಹೊಸದು ಹಾಕಿಸಿ, ಹಳೆಯದನ್ನೇ ಬಿಗಿದರೆ ಜಿನುಗುತ್ತದೆ.